ಎರಡು ಸಲ ಓದಬೇಕು

ಮಾರ್ಚ್ 4, ಸೋಮವಾರ

ಈ ಪುಸ್ತಕವನ್ನು ಕೊಟ್ಟವನು ಶವಪೆಟ್ಟಿಗೆ ಅಂಗಡಿಯವನು. ಯಾರು ಯಾವ ಪಾತ್ರೆಯಲ್ಲಿ ಏನು ಅಡುಗೆ ತಂದುಕೊಟ್ಟರು ಎಂದು ಬರೆದಿಟ್ಟುಕೊಂಡು, ಕರ್ಮವೆಲ್ಲ ಮುಗಿದ ಮೇಲೆ ಪಾತ್ರೆ ಹಿಂತಿರುಗಿಸಬೇಕಂತೆ. ಅಜ್ಜಿಗೆ ಇದೆಲ್ಲ ಬೇಕಿಲ್ಲ. ಊರಿನಲ್ಲಿ ಯಾವ ಪಾತ್ರೆಯ ತಳಕ್ಕೆ ಯಾರ ಹೆಸರಿನ ಪಟ್ಟಿ ಅಂಟಿದೆ ಎಂಬುದು ಅವಳಿಗೆ ಬಾಯಿಪಾಠ. "ನೀನೇ ಇಟ್ಕೊಳೇ ಡಾಗ್ನಿ. ಮಕ್ಕಳನ್ನ ಇಳಿಸಿದ್ಮೇಲೆ ಬಸ್ಸಲ್ಲಿ ಸುಮ್ನೆ ಕೂತಿರ್ತೀಯಲ್ಲ, ಏನಾದ್ರೂ ಗೀಚ್ಕೊ" ಅಂದಳು. ಸರಿ, ಗೀಚುತ್ತಿದ್ದೇನೆ.

ಅಜ್ಜ ನಿನ್ನೆ ಬೆಳಿಗ್ಗೆ ತೀರಿಕೊಂಡ. ಎಂಬತ್ತೇಳು ವರ್ಷ. ನೋವೇನೂ ಆಗಲಿಲ್ಲ ಎಂದು ನರ್ಸ್ ಹೇಳಿದಳು. ಎಲ್ಲರಿಗೂ ಹಾಗೇ ಹೇಳುತ್ತಾಳೋ ಏನೋ. ಶನಿವಾರ ಹನ್ನೊಂದಕ್ಕೆ ಊರೊಳಗಿನ ಲೂಥರನ್ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ನೆಲಮಾಳಿಗೆಯಲ್ಲಿ ಊಟ.

ಅಜ್ಜಿ ಅಳಲಿಲ್ಲ. ನಮ್ಮ ಎಂಗೆನ್ ಮನೆಯವರು ಅಳುವುದಿಲ್ಲ, ಕಾಫಿ ಮಾಡುತ್ತಾರೆ. ಮೂರನೆಯ ಲೋಟ ನನ್ನ ಕೈಗೆ ಕೊಡುತ್ತಾ ಒಂದೇ ಒಂದು ಮಾತು ಕೇಳಿದಳು. "ನಲವತ್ತೊಂದು ವರ್ಷ ಊರೋರದ್ದೆಲ್ಲ ಅವನು ಓದ್ದ. ಅವನದ್ದನ್ನ ಯಾರು ಓದ್ತಾರೆ?"

ನಮ್ಮ ಊರಿನ ರೇಡಿಯೊದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಅಜ್ಜ ಓದುತ್ತಿದ್ದ: ಗೋಧಿ ದರ, ಹಂದಿ ದರ, ಹವಾಮಾನ, ಕೊನೆಯಲ್ಲಿ ಸಾವಿನ ಪ್ರಕಟಣೆ. ಅಜ್ಜ ಆ ಕೊನೆಯದಕ್ಕೆ ಬಂದಾಗ ಇಡೀ ಜಿಲ್ಲೆ ಕೈಯಲ್ಲಿದ್ದ ಚಮಚ ಕೆಳಗಿಡುತ್ತಿತ್ತು. ಅವನು ನಿವೃತ್ತನಾದ ಮೇಲೂ ಯಾರೋ ಒಬ್ಬರು ಓದುತ್ತಿದ್ದರು. ಕಳೆದ ಅಕ್ಟೋಬರಿನಲ್ಲಿ ದೂರದ ಕಂಪನಿಯೊಂದು ಸ್ಟೇಷನ್ನನ್ನು ಕೊಂಡುಕೊಂಡಿತು. ಈಗ ಹನ್ನೆರಡಕ್ಕೆ ಯಾವನೋ ಒಬ್ಬ ಯಾವುದೋ ಊರಿನಲ್ಲಿ ಕೂತು ಕಿಸಿಕಿಸಿ ನಗುತ್ತಾನೆ. ಪ್ರಕಟಣೆಗಳು ನಿಂತುಹೋದವು.

ನವೆಂಬರಿನಲ್ಲಿ ಮಿಲ್ಟನ್ ಗ್ರೋತ್ ಸತ್ತಾಗ ನೂರು ಜನರಿಗೆ ಬನ್ನು ಮಾಡಿಟ್ಟಿದ್ದರು, ಬಂದವರು ಹನ್ನೊಂದು. ಗಾಲಿಕುರ್ಚಿಯಲ್ಲಿದ್ದ ಅಜ್ಜನೂ ಸೇರಿ. ಅವತ್ತು ಅವನ ಕಿವಿಯೆಲ್ಲ ಕೆಂಪಾಗಿತ್ತು. "ಜನ ಬರ್ಲಿಲ್ಲ ಅಂತಲ್ಲ ಡಾಗ್ನಿ, ಜನಕ್ಕೆ ಹೇಳ್ಲೇ ಇಲ್ಲ. ಇದು ಸತ್ತೋನಿಗೆ ಮಾಡೋ ಮೋಸ" ಅಂದಿದ್ದ.

ಅಜ್ಜನ ಕೇಳುಗರೆಲ್ಲ ಎಂಬತ್ತು ದಾಟಿದವರು. ಫೋನಿನಲ್ಲಿ ಬೆರಳು ಆಡಿಸಿ ಸುದ್ದಿ ನೋಡುವವರಲ್ಲ. ರೇಡಿಯೊ ಹೇಳದಿದ್ದರೆ ಅವರ ಪಾಲಿಗೆ ಲೆಸ್ಟರ್ ಎಂಗೆನ್ ಸತ್ತೇ ಇಲ್ಲ.

"ನಾನು ಓದಿಸ್ತೀನಿ ಅಜ್ಜಿ" ಅಂದೆ. ಹೇಳಿಬಿಟ್ಟೆ, ಮಾಡಿಯೇ ತೀರುತ್ತೇನೆ. ಶನಿವಾರ ಇದೊಂದು ಮುಗಿದರೆ ನನ್ನ ದಾರಿ ನನಗೆ. ಬಿಸ್ಮಾರ್ಕ್ ನಗರದಲ್ಲಿ ಸಿಟಿ ಬಸ್ಸಿಗೆ ಚಾಲಕರು ಬೇಕಂತೆ. ತುಂಬಿದ ಅರ್ಜಿ ನಾನು ಓಡಿಸುವ ಶಾಲೆ ಬಸ್ಸಿನಲ್ಲಿ, ಸೀಟಿನ ಪಕ್ಕದಲ್ಲೇ ಇದೆ, ಸಹಿಯೊಂದು ಹಾಕಬೇಕು.

ಮಾರ್ಚ್ 5, ಮಂಗಳವಾರ

ಮಕ್ಕಳನ್ನು ಶಾಲೆಗೆ ಬಿಟ್ಟು ನೆಟ್ಟಗೆ ಸ್ಟೇಷನ್ನಿಗೆ ಹೋದೆ. ಅಲ್ಲಿ ಉಳಿದಿರುವವನು ಟ್ರೆಂಟ್ ಒಬ್ಬನೇ. ಜಾಹೀರಾತು ಹಿಡಿಯುವವನು ಅವನೇ, ಯಂತ್ರ ರಿಪೇರಿ ಮಾಡುವವನು ಅವನೇ, ಕಕ್ಕಸು ತೊಳೆಯುವವನೂ ಅವನೇ. ಇಪ್ಪತ್ತು ವರ್ಷದವನಿದ್ದಾಗ ಅಜ್ಜ ಕೈಹಿಡಿದು ಕೆಲಸ ಕಲಿಸಿದ್ದ. ನನ್ನನ್ನು ಕಂಡದ್ದೇ ಟೋಪಿ ತೆಗೆದ.

"ನನ್ನ ಕೈಲಿಲ್ಲ ಡಾಗ್ನಿ. ಕಾರ್ಯಕ್ರಮ ಎಲ್ಲ ಮೇಲಿಂದ ಬರುತ್ತೆ. ನಾನು ಬರೀ ದೀಪ ಉರೀತಾ ಇದ್ಯಾ ಅಂತ ನೋಡ್ಕೊಳ್ಳೋನು."

"ಮೂರು ನಿಮಿಷ ಕೊಡು. ನಿನ್ನ ಆಸ್ತಿ ಏನೂ ಕೇಳ್ತಿಲ್ಲ."

"ಕಂಪನಿಗೆ ಒಂದು ಮಾತು ಕೇಳಿ ನೋಡು."

ಕೇಳಿದೆ. ಅಲ್ಲಿಯೇ ನಿಂತು, ಅವನದೇ ಫೋನಿನಿಂದ. ನಾಲ್ಕು ಸಲ ಯಂತ್ರ ಮಾತಾಡಿತು, ಐದನೆಯ ಸಲ ಒಬ್ಬ ಹೆಂಗಸು. ತುಂಬಾ ಮೃದುವಾದ ದನಿ. "ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ನಮ್ಮ ವೆಬ್‌ಸೈಟಿನಲ್ಲಿ ಫೋಟೊ ಹಾಕಬಹುದು, ಮೇಣದಬತ್ತಿ ಚಿತ್ರ ಕೂಡ ಹಚ್ಚಬಹುದು" ಅಂದಳು.

"ಅಮ್ಮಾ, ನಮ್ಮಜ್ಜನ ಗೆಳೆಯರಿಗೆ ಮೇಣದಬತ್ತಿ ಚಿತ್ರ ಬೇಡ. ಎಷ್ಟು ಗಂಟೆಗೆ, ಎಲ್ಲಿ, ಊಟ ಇದ್ಯೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು."

ಮತ್ತೆ ಮೇಣದಬತ್ತಿಗೇ ಬಂದಳು. ಫೋನು ಇಟ್ಟೆ.

ಟ್ರೆಂಟ್‌ನ ಎದುರಿನ ಕುರ್ಚಿಯಲ್ಲಿ ಕೂತೆ. ಮಧ್ಯಾಹ್ನದ ತನಕ ಏಳಲಿಲ್ಲ. ಅವನು ಸಲಿಕೆ ಹಿಡಿದು ಹಿಮ ಎತ್ತಿ ಬಂದ, ಊಟದ ಡಬ್ಬಿ ತೆಗೆದ, ಮುಚ್ಚಿದ. "ನಾಳೇನೂ ಬರ್ತೀಯಾ?" ಅಂತ ಕೇಳಿದ. "ನಾಳೆ ಹೆಣಿಗೆ ತರ್ತೀನಿ" ಅಂದೆ. ನನಗೆ ಹೆಣಿಗೆ ಬಾರದು, ಅವನಿಗದು ಗೊತ್ತಿಲ್ಲ.

ಮಾರ್ಚ್ 6, ಬುಧವಾರ

ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ವ್ರತ ಶುರುವಾಗುವ ದಿನ. ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡೇ ಸ್ಟೇಷನ್ನಿಗೆ ಹೋಗಿ ಕೂತೆ. ಟ್ರೆಂಟ್ ಹತ್ತು ನಿಮಿಷ ತಾಳಿದ.

"ಹಿಮಗಾಳಿ ಬಂದ್ರೆ ಶಾಲೆ ರಜಾ ಹೇಳೋಕೆ ಅಂತ ಒಂದು ಗುಂಡಿ ಇದೆ" ಅಂದ, ಗೋಡೆ ನೋಡಿಕೊಂಡು. "ಒತ್ತಿದ್ರೆ ಮೇಲಿಂದ ಬರೋದು ನಿಂತು ನಮ್ಮ ಮೈಕು ಹತ್ಕೊಳುತ್ತೆ. ನಮ್ಮಪ್ಪ ಸತ್ತಾಗ ನಿಮ್ಮಜ್ಜ ಓದಿದ್ದು ಇನ್ನೂ ಕಿವೀಲಿದೆ. ನಾಳೆ ಹನ್ನೆರಡಕ್ಕೆ ಬಾ. ಕೆಲ್ಸ ಹೋದ್ರೆ ನಿನ್ನ ಬಸ್ಸಿಗೆ ಕಸ ಗುಡಿಸೋಕೆ ಸೇರಿಸ್ಕೊ."

"ಓದೋದು ಯಾರು? ನೀನೇ ತಾನೆ?"

"ನನಗಾಗಲ್ಲ. ಲೆಸ್ಟರ್‌ದು ನನ್ನ ಬಾಯಲ್ಲಿ ಬರಲ್ಲ."

ನಾನೇ ಓದಬೇಕಾಯಿತು. ಮಕ್ಕಳಿಗೆ ಗದರಿ ಗದರಿ ಕಾಗೆಯಂತಾಗಿರುವ ಈ ದನಿಯಲ್ಲಿ.

ಮನೆಗೆ ಬಂದು ಖುಷಿಯಿಂದ ಹೇಳಿದರೆ ಅಜ್ಜಿ ಕಣ್ಣು ದೊಡ್ಡದು ಮಾಡಿದಳು. "ನಿನ್ನಜ್ಜನದೊಂದೇ ಓದ್ತೀಯಾ? ಹೇಝೆಲ್ ಬಕ್ಕೆ ಸೋಮವಾರ ಹೋದ್ಲು, ಶುಕ್ರವಾರ ಅವಳ ಮಣ್ಣು. ಅವಳದ್ದು ಮೊದಲು. ಲೆಸ್ಟರ್ ಸಾಲು ಮುರಿದು ಮುಂದೆ ನುಗ್ಗಿದೋನಲ್ಲ, ಸತ್ತ ಮೇಲೂ ನುಗ್ಗಬೇಡ ಅನ್ನು."

ಹೇಝೆಲ್ ಯಾರೋ, ಎಂತೋ, ನಾನು ಮುಖ ಕಂಡವಳಲ್ಲ. ನನಗೇಕೆ ಅವಳ ಉಸಾಬರಿ? ಆದರೂ ಅವಳ ಮಗಳಿಗೆ ಫೋನು ಮಾಡಿ ವಿವರ ಬರೆದುಕೊಂಡೆ.

ಮಾರ್ಚ್ 7, ಗುರುವಾರ

ಕೆಡಿಸಿದೆ.

ಟ್ರೆಂಟ್ ಗುಂಡಿ ಒತ್ತಿದ, ಕೆಂಪು ದೀಪ ಹತ್ತಿತು. ಹೇಝೆಲ್‌ಳದನ್ನು ಗಡಗಡ ಓದಿ ಮುಗಿಸಿದೆ. ಅಜ್ಜನದಕ್ಕೆ ಬರುವ ಆತುರ. "ಲೆಸ್ಟರ್ ಎಂಗೆನ್, ಎಂಬತ್ತೇಳು ವರ್ಷ" ಎಂದೆ, ಅಷ್ಟೇ. ಬಾಯಿ ತೆರೆದೇ ಇತ್ತು, ಏನೂ ಹೊರಡಲಿಲ್ಲ. ಟ್ರೆಂಟ್ ಕೈಯಲ್ಲಿ ಸನ್ನೆ ಮಾಡಿದ, ನೀರು ತಳ್ಳಿದ, ಕೊನೆಗೆ ಗುಂಡಿ ಬಿಟ್ಟ. ಆ ನಗುವವನು ನಗುತ್ತಲೇ ವಾಪಸು ಬಂದ. ಅವನನ್ನು ಆ ಮೈಕಿನಿಂದ ಎಳೆದು ಹಿಮದಲ್ಲಿ ಹೂಳಬೇಕು ಅನ್ನಿಸಿತು.

ಕೂಡಲೇ ಫೋನು ಬಂತು. ಪಡುವಣ ರಸ್ತೆಯ ಎಲ್ರಾಯ್ ಡಾಲ್, ಮದುವೆಯಾಗದ ಮುದುಕ, ಒಂಟಿ ರೈತ. "ಏನಮ್ಮ ಇದು? ನಾನು ಪೆನ್ಸಿಲ್ ಹಿಡ್ಕೊಂಡು ಕಾಯ್ತಾನೇ ಇದೀನಿ, ಎರಡನೇ ಸಲ ಎಲ್ಲಿ?"

"ಎರಡನೇ ಸಲ ಯಾವುದು?"

"ಅಯ್ಯೋ ದೇವ್ರೇ, ಲೆಸ್ಟರ್ ಮೊಮ್ಮಗಳಾಗಿ ಇದೂ ಗೊತ್ತಿಲ್ವಾ? ಮೊದಲನೇ ಸಲ ಹೆಸರು ಕೇಳಿ ಎದ್ದುಹೋಗಿ ಸದ್ದು ಜೋರು ಮಾಡೋಕೆ, ಎರಡನೇ ಸಲ ಬರ್ಕೊಳ್ಳೋಕೆ. ಅವನು ಯಾವತ್ತೂ ಒಂದೇ ಸಲ ಓದಿದ್ದೇ ಇಲ್ಲ. ಮತ್ತೆ ಲೆಸ್ಟರ್ ಬಗ್ಗೆ ಏನೋ ಶುರು ಮಾಡಿದ್ಯಲ್ಲ, ಏನದು? ಹುಷಾರಾಗಿದಾನೆ ತಾನೆ?"

ನಾನು ಫೋನು ಟ್ರೆಂಟ್‌ಗೆ ಕೊಟ್ಟು ಹೊರಗೆ ಹೋದೆ. ಲೆಸ್ಟರ್ ಸುದ್ದಿ ಕೇಳಿದವನೇ ಎಲ್ರಾಯ್ ಹೇಝೆಲ್‌ಳ ಜಾಗ ಕೇಳುವುದನ್ನೂ ಮರೆತು ಫೋನು ಇಟ್ಟನಂತೆ.

ಸಂಜೆ

ಅಜ್ಜಿ ಅಡುಗೆಮನೆಯಲ್ಲಿ ರೇಡಿಯೊ ಕೇಳಿದ್ದಾಳೆ. ಬೈಯುತ್ತಾಳೆ ಅಂದುಕೊಂಡೆ. ಆಲೂಗಡ್ಡೆ ಸುಲಿಯುತ್ತಾ, "ಕೂತು ಓದಿದ್ಯಾ?" ಅಂದಳು.

"ಮತ್ತೆ? ಕುರ್ಚಿ ಇತ್ತಲ್ಲ."

"ಅವನು ನಿಂತೇ ಓದ್ತಿದ್ದ. ವೇಯ್ನ್ ಹೋದಾಗ ಶುರು ಮಾಡ್ದ ಹಾಗೆ."

ವೇಯ್ನ್ ನನ್ನ ಚಿಕ್ಕಪ್ಪ. ನಾನು ಹುಟ್ಟುವ ಮೊದಲೇ, ಹತ್ತೊಂಬತ್ತಕ್ಕೆ, ಮಂಜುಗಟ್ಟಿದ ರಸ್ತೆಯಲ್ಲಿ ಸತ್ತವನು. ಸ್ವಂತ ಮಗನ ಪ್ರಕಟಣೆಯನ್ನು ಅಜ್ಜನೇ ಓದಿದನಂತೆ, ಎರಡು ಸಲ. ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ. "'ಕೂತ್ರೆ ಎದೆ ಮಡಚ್ಕೊಳುತ್ತೆ ಬೆರ್ನಿಸ್, ನಿಂತ್ರೆ ಉಸಿರು ಹೊಟ್ಟೆಯಿಂದ ಬರುತ್ತೆ' ಅಂತ ನನಗೆ ಹೇಳ್ತಿದ್ದ" ಅಂದಳು ಅಜ್ಜಿ. ಆಮೇಲೆ ಚಾಕು ಕೆಳಗಿಟ್ಟು ಕೇಳಿದಳು: "ಕೊನೇಲಿ ಮೇಜು ಯಾಕೆ ಬಡೀಲಿಲ್ಲ?"

ಪ್ರಕಟಣೆ ಮುಗಿದ ಮೇಲೆ ಅಜ್ಜನ ಕಡೆಯಿಂದ ಟಕ್ ಟಕ್ ಎಂಬ ಸದ್ದು ಬರುತ್ತಿತ್ತು. ಕಾಗದ ಜೋಡಿಸಿ ಮೇಜಿಗೆ ಕುಟ್ಟುವ ಸದ್ದು ಎಂದು ಇಡೀ ಜಿಲ್ಲೆ ತಿಳಿದಿತ್ತು. ನಾನೂ.

"ಕಾಗದ ಅಲ್ವೇ ಅದು. ಬೆರಳ ಗೆಣ್ಣು. ಪ್ರಕಟಣೆ ಹೊತ್ತಲ್ಲಿ ನಮ್ಮನೆ ಮಾತು ಆಡಬಾರದು, ಅದು ಬೇರೇವರ ದುಃಖದ ಹೊತ್ತು ಅಂತ ಅವನದೊಂದು ಹಟ. ಮದುವೆ ಆದ ಹೊಸದರಲ್ಲಿ ಒಂದು ಸಲ ಬಡೀತಿದ್ದ. ಮುಗೀತು, ಹೊರಟೆ, ಆಲೂಗಡ್ಡೆ ಇಳಿಸು ಅಂತ. ಅದು ನನಗೆ. ಆಮೇಲೆ ನಿಮ್ಮಪ್ಪ ಹುಟ್ಟಿದ, ಎರಡಾಯ್ತು. ನಿಮ್ಮತ್ತೆ ಕ್ಯಾರಲ್‌ಗೆ ಮೂರು, ವೇಯ್ನ್‌ಗೆ ನಾಲ್ಕು. ವೇಯ್ನ್ ಹೋದ್ಮೇಲೂ ಕಮ್ಮಿ ಮಾಡ್ಲಿಲ್ಲ. ನೀನು ಹುಟ್ಟಿದ ಮಾರನೇ ದಿನ ಐದು ಬಡಿದ. ನಾನು ಆಸ್ಪತ್ರೇಲಿ ನಿಮ್ಮಮ್ಮನ ಪಕ್ಕ ಕೂತು ಎಣಿಸ್ದೆ. ಆಮೇಲೆ ಕ್ಯಾರಲ್ ಮಕ್ಕಳಿಬ್ಬರು. ಏಳು."

ಮೂವತ್ತೆಂಟು ವರ್ಷದಿಂದ ಪ್ರತಿ ಮಧ್ಯಾಹ್ನ ನನ್ನನ್ನೂ ಎಣಿಸುತ್ತಿದ್ದನಂತೆ, ನಿವೃತ್ತನಾದ ಮೇಲೆ ಮನೆಯ ಊಟದ ಮೇಜಿನ ಮೇಲೂ. ನಾನು ಅದನ್ನು ಮುದುಕನ ಚಟ ಎಂದುಕೊಂಡು ತಟ್ಟೆ ಎತ್ತುತ್ತಿದ್ದೆ. ನನ್ನ ಮೇಲೇ ನನಗೆ ಸಿಟ್ಟು ಬಂತು.

ನಾಳೆ ಹನ್ನೆರಡಕ್ಕೆ ಇನ್ನೊಂದೇ ಅವಕಾಶ. ಟ್ರೆಂಟ್ ಗುಂಡಿ ಒತ್ತುತ್ತೇನೆ ಎಂದಿದ್ದಾನೆ. ಸತ್ತರೂ ಓದುತ್ತೇನೆ.

ಮಾರ್ಚ್ 8, ಶುಕ್ರವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಇರಲಿ.

ಬೆಳಿಗ್ಗೆ ಮಕ್ಕಳನ್ನು ಬಿಟ್ಟು, ನಾಳೆಯ ಊಟಕ್ಕೆ ಮೇಜು ಹಾಕಲು ಚರ್ಚಿಗೆ ಹೋದೆ. ಹತ್ತು ಗಂಟೆಗೆ ಒಬ್ಬೊಬ್ಬರಾಗಿ ಮುದುಕ ಮುದುಕಿಯರು ಬರತೊಡಗಿದರು. ಕರೀ ಕೋಟು, ಕೈಯಲ್ಲಿ ಹಾಟ್‌ಡಿಶ್ ಎಂಬ ಬಿಸಿ ಅಡುಗೆಯ ಪಾತ್ರೆ, ಕೇಕಿನ ತಟ್ಟೆ. ಹತ್ತೊಂಬತ್ತು ಜನ. ಎಲ್ಲರಿಗಿಂತ ಮುಂದೆ ಎಲ್ರಾಯ್ ಡಾಲ್.

"ಹೇಝೆಲ್ ಎಲ್ಲಿ?" ಅಂದ.

ಹೇಝೆಲ್‌ಳ ಪ್ರಾರ್ಥನೆ ಇದ್ದದ್ದು ಹದಿನಾಲ್ಕು ಮೈಲಿ ದೂರದ ಬಯಲಿನ ಲೂಥರನ್ ಚರ್ಚಿನಲ್ಲಿ, ಹತ್ತೂವರೆಗೆ. ನಾನು ಒಂದೇ ಸಲ ಓದಿದ್ದೆ. ಹೆಸರು ಕೇಳಿ ಎಲ್ಲರೂ ಸದ್ದು ಜೋರು ಮಾಡಲು ಎದ್ದಿದ್ದಾರೆ, ಅಷ್ಟರಲ್ಲಿ ಜಾಗ ಹೇಳಿ ಮುಗಿಸಿದ್ದೇನೆ. ಲೂಥರನ್ ಅಂದಮೇಲೆ ಊರ ಚರ್ಚೇ ಇರಬೇಕು ಎಂದು ಎಲ್ಲರೂ ಇಲ್ಲಿಗೆ ಬಂದಿದ್ದಾರೆ. ಅರ್ಧಕ್ಕರ್ಧ ಜನಕ್ಕೆ ಊರ ಹೊರಗೆ ಕಾರು ಓಡಿಸುವಷ್ಟು ಕಣ್ಣಿಲ್ಲ, ರಸ್ತೆಯೆಲ್ಲ ಕರಗಿದ ಹಿಮದ ರಾಡಿ.

ಮಿಲ್ಟನ್‌ನ ಹನ್ನೊಂದು ಜನ ನೆನಪಾದರು. ಅವತ್ತು ಹೇಳದವರು ಬೇರೆ ಯಾರೋ. ಇವತ್ತು ಹೇಳಿ ಕೆಡಿಸಿದವಳು ನಾನು.

"ಎಲ್ಲ ಬಸ್ಸು ಹತ್ತಿ" ಎಂದು ಕೂಗಿದೆ. ಕಾಗೆ ದನಿ ಉಪಯೋಗಕ್ಕೆ ಬಂತು.

"ಇದು ಶಾಲೆ ಬಸ್ಸಲ್ವಾ? ಯಾರ್ನಾದ್ರೂ ಕೇಳಿದ್ಯಾ?" ಅಂದಳು ಒಬ್ಬಳು ಮುದುಕಿ.

"ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳಿಲ್ಲ. ಹತ್ತಿ, ಪಾತ್ರೆ ತೊಡೆ ಮೇಲೆ ಇಟ್ಕೊಳಿ, ಹಿಂದಿನ ಸೀಟಲ್ಲಿ ಗಲಾಟೆ ಮಾಡಬೇಡಿ."

ಎಲ್ರಾಯ್ ನನ್ನ ಹಿಂದೆಯೇ ಕೂತು ಹದಿನಾಲ್ಕು ಮೈಲಿಯೂ ಗೇರು ಬದಲಿಸುವುದು ಹೇಗೆಂದು ಹೇಳಿಕೊಟ್ಟ. ಈ ಬಸ್ಸಿನ ಗೇರು ತಾನಾಗಿಯೇ ಬದಲಾಗುತ್ತದೆ ಎಂದು ಹೇಳಿದರೂ ಬಿಡಲಿಲ್ಲ. ಬಯಲಿನ ಚರ್ಚಿನ ಪಾದ್ರಿ ಹಳದಿ ಬಸ್ಸು ದೂರದಿಂದಲೇ ಕಂಡು ಗಂಟೆ ಹೊಡೆಯುವುದನ್ನು ನಿಲ್ಲಿಸಿದ್ದನಂತೆ. ಇಪ್ಪತ್ತು ನಿಮಿಷ ತಡವಾಗಿ ಹೇಝೆಲ್‌ಳ ಪ್ರಾರ್ಥನೆ ಶುರುವಾಯಿತು. ಅವಳ ಮಗಳು ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡಳು. ತಪ್ಪು ನನ್ನದು ಎಂದು ಹೇಳಿದೆ. "ತಪ್ಪಾಯ್ತು, ಸರಿ. ತಂದುಬಿಟ್ಯಲ್ಲ" ಅಂದಳು. ಒಂದು ಸ್ತೋತ್ರ ಮುಗಿಯುವ ತನಕ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಆಮೇಲೆ ಹೊರಟೆ.

ಊರ ಹೊರಗಿನ ರೈಲು ಗೇಟಿನಲ್ಲಿ ಸರಕು ರೈಲು ಅಡ್ಡ. ಹನ್ನೊಂದು ಐವತ್ತೆರಡು. ನೂರಾ ಆರು ಡಬ್ಬಿ ಎಣಿಸಿದೆ, ಪ್ರತಿ ಡಬ್ಬಿಗೂ ಬೈದೆ. ಸ್ಟೇಷನ್ನಿನ ಬಾಗಿಲು ತೆರೆದು ಹಿಡಿದುಕೊಂಡು ಟ್ರೆಂಟ್ ಹಿಮದಲ್ಲಿ ಬರೀ ಅಂಗಿಯಲ್ಲಿ ನಿಂತಿದ್ದ. "ಓಡೇ!" ಅಂದ.

ಕುರ್ಚಿಯನ್ನು ಕಾಲಿನಿಂದ ಆಚೆ ತಳ್ಳಿದೆ. ನಿಂತೆ. ದೀಪ ಕೆಂಪಾಯಿತು.

"ಲೆಸ್ಟರ್ ಎಂಗೆನ್, ಎಂಬತ್ತೇಳು ವರ್ಷ, ಭಾನುವಾರ ಬೆಳಿಗ್ಗೆ ತೀರಿಕೊಂಡರು. ನಾಳೆ ಶನಿವಾರ ಹನ್ನೊಂದು ಗಂಟೆಗೆ, ಊರೊಳಗಿನ ಲೂಥರನ್ ಚರ್ಚಿನಲ್ಲಿ ಪ್ರಾರ್ಥನೆ. ಆನಂತರ ನೆಲಮಾಳಿಗೆಯಲ್ಲಿ ಊಟ. ನಲವತ್ತೊಂದು ವರ್ಷ ಇದೇ ಮೈಕಿನಲ್ಲಿ ನಿಮ್ಮವರ ಹೆಸರುಗಳನ್ನು ಓದಿದವರು." ಉಸಿರು ಎಳೆದುಕೊಂಡೆ. ಎಲ್ರಾಯ್‌ನಂಥವರು ಎದ್ದು ಸದ್ದು ಜೋರು ಮಾಡುವಷ್ಟು ಹೊತ್ತು ಕಾದೆ. ಮತ್ತೆ ಮೊದಲಿನಿಂದ ಓದಿದೆ, ನಿಧಾನವಾಗಿ, ಪೆನ್ಸಿಲಿಗೆ ತಕ್ಕಂತೆ. ದನಿ ಎರಡು ಕಡೆ ಒಡೆಯಿತು. ನಿಲ್ಲಲಿಲ್ಲ.

ಆಮೇಲೆ ಬೆರಳ ಗೆಣ್ಣಿನಿಂದ ಮೇಜು ಬಡಿದೆ. ಏಳು ಸಲ. ಟ್ರೆಂಟ್ ಬೆನ್ನು ತಿರುಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದ.

ಮುದುಕರನ್ನು ಕರೆತರಲು ಮತ್ತೆ ಬಯಲಿಗೆ ಹೋದಾಗ, ಹೇಝೆಲ್‌ಳ ಊಟದ ನಡುವೆ ಚರ್ಚಿನ ಅಡುಗೆಮನೆಯ ರೇಡಿಯೊ ಹಾಕಿ ಎಲ್ಲರೂ ಕೇಳಿದ್ದರು. ಎಲ್ರಾಯ್ ಕಾಗದದ ಕರವಸ್ತ್ರ ಬಿಡಿಸಿ ತೋರಿಸಿದ. ಶನಿ, 11, ಊರ ಚರ್ಚು, ಊಟ ಇದೆ. ಅದರ ಕೆಳಗೆ ಲೆಸ್ಟರ್ ಎಂದು ಬರೆದು ಗೆರೆ ಎಳೆದಿದ್ದ. ಊರು ಸೇರುವ ತನಕ ಗೇರಿನ ಸುದ್ದಿ ಎತ್ತಲಿಲ್ಲ.

ಮಾರ್ಚ್ 9, ಶನಿವಾರ

ಬನ್ನು ಸಾಲಲಿಲ್ಲ!

ಮುನ್ನೂರು ಮಾಡಿದ್ದರು. ಹನ್ನೆರಡೂವರೆಗೇ ಖಾಲಿ. ನೆಲಮಾಳಿಗೆ ತುಂಬಿ, ಮೆಟ್ಟಿಲು ತುಂಬಿ, ಜನ ಹಿಮದಲ್ಲಿ ನಿಂತು ಬರೀ ಕಾಫಿ ಕುಡಿದರು. ಅಡುಗೆ ಉಸ್ತುವಾರಿಯ ಹೆಂಗಸರಿಗೆ ತಲೆ ಎತ್ತಲಾಗದಷ್ಟು ನಾಚಿಕೆ. ಒಬ್ಬಳು ಅಳುಮುಖ ಮಾಡಿಕೊಂಡು ಅಜ್ಜಿಯ ಹತ್ತಿರ ಬಂದು ಕ್ಷಮೆ ಕೇಳಿದಳು.

"ಸಾಲ್ಲಿಲ್ವಾ? ಒಂದೂ ಉಳೀಲಿಲ್ವಾ?" ಎಂದು ಅಜ್ಜಿ ಎರಡೆರಡು ಸಲ ಕೇಳಿ, ಅವಳ ಕೆನ್ನೆ ತಟ್ಟಿ ಕಳಿಸಿದಳು. ಅಪ್ಪನಿಗೆ ಹೇಳಿದಳು, ಕ್ಯಾರಲ್ ಅತ್ತೆಗೆ ಹೇಳಿದಳು, ಪಾದ್ರಿಗೂ ಹೇಳಿದಳು. "ಲೆಸ್ಟರ್‌ದು ಬನ್ನು ಸಾಲ್ಲಿಲ್ಲ ಕಣ್ರೀ."

ಬಸ್ಸಿನ ವಿಷಯ ಶಾಲೆಯವರ ಕಿವಿಗೆ ಬಿದ್ದಿದೆ. ಸೋಮವಾರ ಬಂದು ಕಾಣು ಎಂದಿದ್ದಾರೆ. ಕಾಣುತ್ತೇನೆ, ಅವರೇನು ಹುಲಿಯೇ?

ಮಾರ್ಚ್ 12, ಮಂಗಳವಾರ

ಅಪ್ಪ, ಅತ್ತೆ, ಅವಳ ಮಕ್ಕಳು ಎಲ್ಲರೂ ನಿನ್ನೆ ಹೊರಟರು. ಶಾಲೆಯವರು ಬೈದರು, ಬೈಸಿಕೊಂಡೆ, ಬಸ್ಸು ನನ್ನ ಕೈಯಲ್ಲೇ ಇದೆ.

ಇವತ್ತು ಬೆಳಿಗ್ಗೆ ಯಾರೋ ಫೋನು ಮಾಡಿದರು. "ನಮ್ಮ ತಾಯಿ ಹೋದ್ರು. ನೀವೇ ಓದೋರಲ್ವಾ?" ಅಲ್ಲ ಎಂದು ಹೇಳಬೇಕಿತ್ತು. ಆ ಕಡೆಯವನು ಆಗಲೇ ಹೇಳತೊಡಗಿದ್ದ, ಬರೆದುಕೊಳ್ಳಲು ಕೈಗೆ ಕಾಗದ ಸಿಗಲಿಲ್ಲ. ಬಿಸ್ಮಾರ್ಕಿನ ಅರ್ಜಿಯ ಹಿಂಬದಿ ಖಾಲಿಯಿತ್ತು, ಅದರ ಮೇಲೆ ಬರೆದೆ. ಅಷ್ಟರಲ್ಲಿ ಇನ್ನೊಂದು ಫೋನು. ಅದನ್ನೂ ಬರೆದೆ. ಇವೆರಡು ಓದಿಬಿಡುತ್ತೇನೆ, ಹೆಚ್ಚೆಂದರೆ ಈಸ್ಟರ್ ತನಕ. ಅಷ್ಟರಲ್ಲಿ ಟ್ರೆಂಟ್ ಬೇರೆ ಯಾರನ್ನಾದರೂ ಹುಡುಕಲಿ.

"ಕಂಪನಿಯೋರು ಏನೂ ಅನ್ಲಿಲ್ವಾ?" ಎಂದು ಅವನನ್ನು ಕೇಳಿದೆ.

"ಅವರಿಗೆ ಗೊತ್ತೇ ಆಗಿಲ್ಲ. ಅವರು ನಮ್ಮ ಸ್ಟೇಷನ್ ಕೇಳಲ್ವಲ್ಲ" ಅಂದ.

ನಿಂತು ಓದಿದೆ. ಎರಡೆರಡು ಸಲ. ಮುಗಿಸಿ ಕಾಗದ ಮಡಚುವಾಗ ಗೋಡೆ ಗಡಿಯಾರ ನೋಡಿದೆ, ಹನ್ನೆರಡು ಇಪ್ಪತ್ತೊಂದು. ಹಸಿವಾಗಿತ್ತು. ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಾಳೆ. ಮೇಜು ಬಡಿದೆ. ಒಂದು ಸಲ.

ಮನೆಗೆ ಬಂದಾಗ ಆಲೂಗಡ್ಡೆ ಒಲೆಯಿಂದ ಇಳಿದು ಮೇಜಿನ ಮೇಲೆ ಹಬೆಯಾಡುತ್ತಿತ್ತು. ಎರಡು ತಟ್ಟೆ ಹಾಕಿದ್ದಳು. ಅಜ್ಜಿ ಪಾತ್ರೆಯ ಹಿಡಿ ಹಿಡಿದುಕೊಂಡೇ ನಿಂತಿದ್ದಳು.

"ಒಂದೇ ಬಡಿದೆ" ಅಂದಳು.

"ಹೂಂ ಅಜ್ಜಿ. ಮುಗೀತು, ಹೊರಟೆ ಅಂತ."

ಅಜ್ಜಿ ಕುರ್ಚಿ ಎಳೆದು ಕೂತಳು. ಏಪ್ರನ್ನಿನ ತುದಿಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಕಾಫಿ ನಾನು ಮಾಡಿದೆ.